ತಡವೂ ಅನ್ಯಾಯವೂ

ಮುಂಗಡ ಹಣವನ್ನು ಕೊಟ್ಟು ಒಂದು ವಸ್ತುವಿಗಾಗಿ ಕಾದವರು ನಮ್ಮೊಳಗೆ ಅನೇಕರುಂಟು. ಅದು ಬೇಗ ಕೈಸೇರದಿದ್ದರೆ ಮನಸ್ಸು ಕುದಿಯುತ್ತದೆ. ನಮಗೆ ಅನ್ಯಾಯವಾಯಿತೆಂದು ಕೂಡಲೇ ಹೇಳಿಬಿಡುತ್ತೇವೆ. ಆದರೆ ತಡವಾದದ್ದೆಲ್ಲಾ ಅನ್ಯಾಯವೋ? ಇದನ್ನು ತುಸು ವಿಚಾರಿಸೋಣ.

ಇಂಗ್ಲೆಂಡಿನ ವುಸ್ಟರ್‌ಶೈರ್ ಸೀಮೆಯಲ್ಲಿ ಮಾಲ್ವರ್ನ್ ಲಿಂಕ್ ಎಂಬ ಊರಿದೆ. ಸಭಾಪಾಲಕರೊಬ್ಬರ ಮಗನಾದ ಎಚ್. ಎಫ್. ಎಸ್. ಮಾರ್ಗನ್ ಎಂಬವರು ಅಲ್ಲಿ ವಾಹನಗಳ ಕಾರ್ಖಾನೆಯನ್ನು ನಡಿಸಿದರು. ಅವರು 1909ರಲ್ಲಿ ಮೂರು ಗಾಲಿಯ ವಾಹನವೊಂದನ್ನು ಕಟ್ಟಿದರು. 1936ರಲ್ಲಿ ನಾಲ್ಕು ಗಾಲಿಯದು ಹೊರಟಿತು. ಇವು ಸರಕು ಹೊರುವದಕ್ಕಲ್ಲ, ವೇಗವಾಗಿ ಓಡಿಸಿ ಸಂತೋಷಪಡುವದಕ್ಕೆ ಮಾಡಿದ ಸ್ಪೋರ್ಟ್ಸ್ ಕಾರುಗಳು. ಮೈಯ ಒಳಚೌಕಟ್ಟನ್ನು ಆಷ್ ಎಂಬ ಮರದಿಂದ ಕೈಯಾರೆ ಜೋಡಿಸಿ, ಮೇಲೆ ಲೋಹದ ತಗಡನ್ನು ಹೊದಿಸುತ್ತಾರೆ. ಕೈಗೆಲಸವು ನಿಧಾನ, ಬೇಕೆನ್ನುವವರು ಬಹು ಮಂದಿ. ಆದಕಾರಣ ಒಂದು ಕಾಲದಲ್ಲಿ ಹೆಸರು ಬರೆಸಿದವನು ಹತ್ತು ವರುಷಗಳ ತನಕವೂ ಕಾಯಬೇಕಾಗಿತ್ತು. ಅರುವತ್ತನೆಯ ವಯಸ್ಸಿನಲ್ಲಿ ಬರೆಸಿದವನು ಎಪ್ಪತ್ತರಲ್ಲಿ ಕಾರಿನಲ್ಲಿ ಕೂತುಕೊಳ್ಳುವನು, ಬದುಕಿದ್ದರೆ.

1990ರಲ್ಲಿ ಸರ್ ಜಾನ್ ಹಾರ್ವಿ-ಜೋನ್ಸ್ ಎಂಬ ಹೆಸರಾದ ಉದ್ಯಮಿಯು ಬಿಬಿಸಿ ದೂರದರ್ಶನದವರೊಂದಿಗೆ ಆ ಕಾರ್ಖಾನೆಯನ್ನು ನೋಡಬಂದು, ಹೆಚ್ಚು ಕಾರುಗಳನ್ನು ಮಾಡಿ ಕಾಯುವವರ ಸಾಲನ್ನು ಕಡಿಮೆ ಮಾಡಬೇಕೆಂದು ಬುದ್ಧಿ ಹೇಳಿದರು. ಮಾರ್ಗನ್ ಮನೆತನದವರು ಆ ಮಾತನ್ನು ಒಪ್ಪಲಿಲ್ಲ.

ಇವರಲ್ಲಿ ಯಾರದು ಸರಿ? ಅವಸರದಿಂದ ಕೆಲಸ ಕೆಡುತ್ತದೆಂಬದು ನಿಜ. ಮಾರಾಟ ಕುಗ್ಗುವ ವರುಷದಲ್ಲಿ ಕಾಯುವವರ ಸಾಲು ಉದ್ದವಾಗಿದ್ದರೆ ಕೆಲಸಗಾರನ ಅನ್ನ ತಪ್ಪುವದಿಲ್ಲವೆಂಬದೂ ನಿಜ. ಆದರೂ ಕಾಯುವವನ ಆಯುಷ್ಯದಿಂದ ಕಳೆದುಹೋದ ವರುಷಗಳನ್ನು ಯಾರೂ ತಿರುಗಿ ಕೊಡಲಾರರು.

ಇಂಥದನ್ನು ತೂಗುವದಕ್ಕೆ ಎರಡು ಪ್ರಶ್ನೆಗಳು ಸಾಕೆಂದು ನಮಗೆ ತೋರುತ್ತದೆ. ಕಾಯಿಸುವವನು ಸತ್ಯವನ್ನು ಹೇಳಿದನೋ ಎಂಬದು ಮೊದಲನೆಯದು. ಹತ್ತು ವರುಷವಾಗುವದೆಂದು ಮುಂಚೆಯೇ ಹೇಳಿ ಹಾಗೆಯೇ ಕೊಟ್ಟರೆ ಅದು ತಡವಾದರೂ ಮೋಸವಲ್ಲ. ಕೊಡಲಾರೆನೆಂದು ತಿಳಿದೂ ಬರುವ ತಿಂಗಳು, ಬರುವ ತಿಂಗಳು ಎಂದು ಹೇಳುತ್ತಾ ಹೋದರೆ ಹತ್ತೇ ತಿಂಗಳಾದರೂ ಅನ್ಯಾಯವೇ.

ಕಾಯುವವನ ಅಗತ್ಯವೆಷ್ಟು ಎಂಬದು ಎರಡನೆಯದು. ಕಾರಿಗಾಗಿ ಕಾಯುವವನು ಅಷ್ಟರ ತನಕ ಬೇರೆ ವಾಹನದಲ್ಲಿ ಹೋಗುವನು. ಅವನ ಮಕ್ಕಳು ಹಸಿದಿರುವದಿಲ್ಲ, ಕಾಯುವದನ್ನು ಅವನೇ ಆರಿಸಿಕೊಂಡನು. ನಮ್ಮ ಹೊಲದಲ್ಲಿ ಕಳೆ ಕಿತ್ತವಳಿಗೆ ಕೂಲಿಯನ್ನು ಮುಂದಿನ ಸಂತೆಯ ತನಕ ತಡೆದರೋ, ಆ ರಾತ್ರಿಯೇ ಅವಳ ಒಲೆ ಹೊತ್ತದು. ಅವಳು ಈ ಕಾಯುವಿಕೆಯನ್ನು ಆರಿಸಿಕೊಳ್ಳಲಿಲ್ಲ. ಹತ್ತು ವರುಷದ ಆ ತಡಕ್ಕಿಂತ ಎಂಟು ದಿನದ ಈ ತಡವು ಭಾರವಾದದ್ದು.

ಆದದರಿಂದ ವಾಚಕರೇ, ನಾವು ಕೇಳಿದ ವಸ್ತು ತಡವಾದಾಗ ಸಿಟ್ಟಾಗುವದಕ್ಕೆ ಮುಂಚೆ, ನಮ್ಮ ಹೊಸ್ತಿಲಲ್ಲಿ ನಾಳೆ ಬಾ ಎನ್ನಿಸಿಕೊಂಡು ಹಿಂದಿರುಗಿದವರು ಎಷ್ಟು ಮಂದಿಯೆಂದು ಎಣಿಸಿ ನೋಡೋಣ. ಅವರಿಗೆ ಕೊಡತಕ್ಕದ್ದನ್ನು ಈ ಹೊತ್ತೇ ಕೊಟ್ಟು ಬರೋಣ.