ಸ್ವಧರ್ಮನಿಷ್ಠೆ ಮತ್ತು ಕಿರಿಯರ ಮಾರ್ಗದರ್ಶನ

ನಿಷ್ಠೆಯನ್ನು ಎಲ್ಲ ಧರ್ಮಗಳೂ ಕೊಂಡಾಡುತ್ತವೆ. ಆದರೆ ಹಿರಿಯನೊಬ್ಬನು ತಾನು ನಂಬಿದ್ದನ್ನು ತಾನು ಪಾಲಿಸಿಕೊಂಡು ಬರುವುದು ಒಂದು ಕಾರ್ಯ. ಅದನ್ನು ಕಿರಿಯನ ಕೈಗೆ ಒಪ್ಪಿಸುವುದು ಇನ್ನೊಂದು ಕಾರ್ಯ. ಮೊದಲನೆಯದಕ್ಕೆ ಮನಸ್ಸಿನ ಗಟ್ಟಿತನ ಸಾಕು. ಎರಡನೆಯದಕ್ಕೆ ಗಟ್ಟಿತನದೊಡನೆ ಸೈರಣೆಯೂ ಬೇಕು. ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಮನೆಗಳಲ್ಲಿ ಇಂದು ಕೇಳಿಬರುವ ಹಿರಿಯರ ಅಳಲು ಒಂದೇ: "ಹುಡುಗರು ನಮ್ಮ ಹಾದಿಯಲ್ಲಿ ಬರುತ್ತಿಲ್ಲ." ಲಿಂಗಪೂಜೆಯ ಮನೆಯಲ್ಲಿಯೂ ಈ ಮಾತಿದೆ, ಪಂಢರಪುರದ ವಾರಿಗೆ ಹೋಗುವ ಮನೆಯಲ್ಲಿಯೂ ಇದೆ, ರವಿವಾರ ಚರ್ಚಿಗೆ ಹೋಗುವ ಮನೆಯಲ್ಲಿಯೂ ಇದೆ. ಓದಿಗೆಂದು, ನೌಕರಿಗೆಂದು ಪುಣೆ, ಮುಂಬಯಿಗೆ ಹೋದ ಮಕ್ಕಳು ಹಬ್ಬಕ್ಕೆ ಬಂದು ಹೋಗುತ್ತಾರೆ. ಹಬ್ಬದ ಅರ್ಥವನ್ನು ಕೇಳುವುದಿಲ್ಲ. ಹೀಗಿರುವಾಗ ಹಿರಿಯರ ಕರ್ತವ್ಯವೇನು? ಈ ಪ್ರಶ್ನೆಯನ್ನು ಕ್ರೈಸ್ತ ಬೋಧನೆಯ ನಿದರ್ಶನಗಳ ಮೂಲಕ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಕನ್ನಡ ಸಾಹಿತ್ಯ ಮೇಳದಲ್ಲಿ ಕ್ರೈಸ್ತ ಬೋಧನೆಯ ಮಾತೇಕೆ ಎಂದು ಯಾರಾದರೂ ಕೇಳಿದರೆ, ಸೊಲ್ಲಾಪುರದವರಾದ ನಮಗೆ ತೀರಿಸಬೇಕಾದ ಒಂದು ಋಣವಿದೆಯೆಂದು ಉತ್ತರಿಸುತ್ತೇವೆ. ನಮ್ಮೂರಿನ ಆರಾಧ್ಯದೈವ, ಕೆರೆಯನ್ನು ಕಟ್ಟಿಸಿ ಅರುವತ್ತೆಂಟು ಲಿಂಗಗಳನ್ನು ಸ್ಥಾಪಿಸಿದ ಶಿವಯೋಗಿ ಸಿದ್ಧರಾಮೇಶ್ವರರ ಸಾಹಿತ್ಯವನ್ನು ಶ್ರಮವಹಿಸಿ ಸಂಗ್ರಹಿಸಿ, ಸಂಪಾದಿಸಿ ಕೊಟ್ಟವರಲ್ಲಿ ಪ್ರಮುಖರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಅವರು ಕ್ರೈಸ್ತ ಪಾದ್ರಿಗಳು. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಆಶ್ರಯದಲ್ಲಿ ಮಂಗಳೂರಿನಲ್ಲಿ ದೇವಜ್ಞಾನವನ್ನು ಓದಿ, ಉತ್ತರ ಕರ್ನಾಟಕದ ಊರುಗಳಲ್ಲಿ ಸಭಾಪಾಲಕರಾಗಿ ದುಡಿದವರು. ಊರೂರು ತಿರುಗಿ, ಓಲೆಗರಿಗಳನ್ನು ಹುಡುಕಿ, ಬಾಯಿಪಾಠದವರನ್ನು ಕಂಡು, 1924ರಲ್ಲಿ ಸರ್ವಜ್ಞನ ವಚನಗಳ ದೊಡ್ಡ ಸಂಗ್ರಹವನ್ನು ಹೊರತಂದರು. 1949ರಲ್ಲಿ ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ ಸಂದಿತು. ಮುಂದೆ 1974ರಲ್ಲಿ ಮಂಡ್ಯದ ಸಮ್ಮೇಳನದಲ್ಲಿ ಅದೇ ಪೀಠವನ್ನು ಅಲಂಕರಿಸಿದವರು, ಸಿದ್ಧರಾಮ ಪುರಾಣವನ್ನು ಬರೆದ ನಮ್ಮೂರಿನ ಜಯದೇವಿತಾಯಿ ಲಿಗಾಡೆಯವರು. ಪಾದ್ರಿಯೊಬ್ಬರೂ ಶರಣೆಯೊಬ್ಬರೂ ಒಬ್ಬನೇ ಸಿದ್ಧರಾಮನ ಸೇವೆಗೆ ನಿಂತುದು ನಮ್ಮ ನಾಡಿನ ಭಾಗ್ಯ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಪರಧರ್ಮದ ಸಂತನನ್ನು ಇಷ್ಟೊಂದು ಗೌರವಿಸಿದ ಉತ್ತಂಗಿಯವರು ಸ್ವಧರ್ಮದಲ್ಲಿ ಸಡಿಲರಾದರೇ? ಇಲ್ಲ. ಅವರು ಕ್ರಿಸ್ತನನ್ನು ಬಿಡಲಿಲ್ಲ; ಬಿಡಬೇಕೆಂದು ವಚನಗಳೂ ಅವರನ್ನು ಕೇಳಲಿಲ್ಲ. ಕ್ರಿಸ್ತನ ಸಂದೇಶವನ್ನು ಭಾರತೀಯರ ಮುಂದಿಡಲು ಅವರು ಬರೆದ ಪುಸ್ತಕದ ಹೆಸರು 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'. ಆ ಹೆಸರಿನಲ್ಲಿಯೇ ಅವರ ನಿಲುವು ಇದೆ. ಅದು ಆಜ್ಞೆಯಲ್ಲ, ಸವಾಲಲ್ಲ, ವಿನಂತಿ. ತನ್ನ ನಂಬುಗೆಯ ಬೇರು ಆಳಕ್ಕಿಳಿದಿರುವವನು ನೆರೆಯವನ ಮರದ ಹಣ್ಣನ್ನು ಹೊಗಳಲು ಅಂಜುವುದಿಲ್ಲ. ಅಂಜಿಕೆಯಿಂದ ಕಟ್ಟಿದ ಬೇಲಿಯನ್ನೇ ನಿಷ್ಠೆಯೆಂದು ಮಕ್ಕಳಿಗೆ ತೋರಿಸಿದರೆ, ಅವರು ಆ ಬೇಲಿಯನ್ನು ದಾಟಿದ ದಿನವೇ ನಂಬುಗೆಯನ್ನೂ ದಾಟಿ ಹೋಗುತ್ತಾರೆ.

ಇನ್ನು ಕಿರಿಯರ ಮಾರ್ಗದರ್ಶನದ ಮಾತು. ಹೊಸ ಒಡಂಬಡಿಕೆಯಲ್ಲಿ ಇದಕ್ಕೆ ಪ್ರಸಿದ್ಧವಾದ ನಿದರ್ಶನ ಪೌಲ ಮತ್ತು ತಿಮೊಥೆಯರದು. ತಿಮೊಥೆಯನು ಲುಸ್ತ್ರ ಎಂಬ ಊರಿನವನು. ತಾಯಿ ಯೆಹೂದ್ಯಳು, ತಂದೆ ಗ್ರೀಕನು. ಆ ಊರಿನ ಜನ ಹರ್ಷವಾದಾಗ ತಮ್ಮ ಲುಕವೋನ್ಯ ಭಾಷೆಯಲ್ಲಿಯೇ ಕೂಗಿದರೆಂದು ಅಪೊಸ್ತಲರ ಕೃತ್ಯಗಳಲ್ಲಿ ಹೇಳಿದೆ. ಎಂದರೆ ತಿಮೊಥೆಯನು ಒಂದು ರೀತಿಯಲ್ಲಿ ಗಡಿನಾಡಿನ ಹುಡುಗ. ಊರಿನ ಮಾತು ಒಂದು, ತಂದೆಯ ಸಂಸ್ಕೃತಿ ಒಂದು, ತಾಯಿಯ ಧರ್ಮ ಇನ್ನೊಂದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಎಂದು ಬೆಳೆಯುವ ಅಕ್ಕಲಕೋಟೆಯ ಮಕ್ಕಳ ಪಾಡನ್ನು ಬಲ್ಲ ನಮಗೆ ಈ ಹುಡುಗ ಅಪರಿಚಿತನಲ್ಲ. ಅವನ ನಂಬುಗೆಯ ಮೂಲವನ್ನು ನೆನೆಯುವಾಗ ಪತ್ರದಲ್ಲಿ ಮೊದಲು ಬರುವ ಹೆಸರುಗಳು ಅಜ್ಜಿ ಲೋವಿ ಮತ್ತು ತಾಯಿ ಯೂನೀಕೆಯರವು. ಪೌಲನಂಥ ಮಹಾಬೋಧಕನು ಬರುವ ಮೊದಲೇ ಅಡಿಗೆಮನೆಯಲ್ಲಿ ಅರ್ಧ ಪಾಠ ಮುಗಿದಿತ್ತು. ಮನೆಯಲ್ಲಿ ಅಜ್ಜಿ ಹೇಳದ ಪಾಠವನ್ನು ಶಾಲೆಯೊಂದೇ ಕಲಿಸಲಾರದೆಂಬುದು, ಜೀವಮಾನವೆಲ್ಲ ಪಾಠ ಹೇಳಿದ ನಮ್ಮ ಅನುಭವವೂ ಹೌದು.

ತಿಮೊಥೆಯನಿಗೆ ಬರೆದ ಪತ್ರಗಳಲ್ಲಿ ಎರಡು ಸಲಹೆಗಳು ಗಮನಾರ್ಹ. ನೀನು ಕಿರಿಯನೆಂದು ಯಾರೂ ಅಸಡ್ಡೆ ಮಾಡದಂತೆ ನಡೆನುಡಿಯಲ್ಲಿ ಮಾದರಿಯಾಗಿರು ಎಂಬುದು ಒಂದು. ನನ್ನಿಂದ ಕೇಳಿದ್ದನ್ನು, ಮತ್ತೊಬ್ಬರಿಗೆ ಕಲಿಸಬಲ್ಲ ನಂಬಿಗಸ್ತರಿಗೆ ಒಪ್ಪಿಸು ಎಂಬುದು ಇನ್ನೊಂದು. ಕಿರಿಯನನ್ನು ಸದಾ ಕೇಳುಗನಾಗಿ ಕೂರಿಸದೆ ಮುಂದೆ ಹೇಳುವವನನ್ನಾಗಿ ಎಣಿಸಿದುದು ಇಲ್ಲಿನ ವಿಶೇಷ. ನಮ್ಮ ಸಂಘ ಸಂಸ್ಥೆಗಳಲ್ಲಿ ತರುಣರಿಗೆ ಕುರ್ಚಿ ಜೋಡಿಸುವ ಕೆಲಸ ಕೊಡುತ್ತೇವೆ, ಮೈಕು ಮಾತ್ರ ಹಿರಿಯರ ಕೈಯಲ್ಲಿಯೇ ಉಳಿಯುತ್ತದೆ. ಬಳಿಕ ತರುಣರು ಬರುವುದಿಲ್ಲವೆಂದು ಕೊರಗುತ್ತೇವೆ.

ಕಿರಿಯನು ತಪ್ಪಿದಾಗ ಏನು ಮಾಡಬೇಕು? ಇದು ಕಠಿಣ ಪ್ರಶ್ನೆ. ಮಾರ್ಕನೆಂಬ ತರುಣನು ಪೌಲ, ಬಾರ್ನಬರೊಡನೆ ಪ್ರಯಾಣ ಹೊರಟು ನಡುವೆಯೇ ಬಿಟ್ಟು ಮನೆಗೆ ಮರಳಿದನು. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದೊಯ್ಯೋಣವೆಂದು ಬಾರ್ನಬನೆಂದನು. ನಡುನೀರಿನಲ್ಲಿ ಕೈಬಿಟ್ಟವನು ಬೇಡವೆಂದು ಪೌಲನೆಂದನು. ಮಾತು ಬೆಳೆದು ಆ ಇಬ್ಬರು ಹಿರಿಯರೇ ಅಗಲಿದರು. ಬಾರ್ನಬನು ಮಾರ್ಕನನ್ನು ಕರೆದುಕೊಂಡು ಬೇರೆ ದಾರಿ ಹಿಡಿದನು. ಪೌಲನ ಪಕ್ಷದಲ್ಲಿ ನ್ಯಾಯವಿಲ್ಲದಿಲ್ಲ. ಕಾರ್ಯ ದೊಡ್ಡದು, ದಾರಿ ಅಪಾಯದ್ದು, ಜೊತೆಗಾರನು ನೆಚ್ಚತಕ್ಕವನಾಗಿರಬೇಕು. ಬಾರ್ನಬನಾದರೋ ಕಾರ್ಯದೊಡನೆ ಆ ಹುಡುಗನನ್ನೂ ಲೆಕ್ಕಕ್ಕೆ ಹಿಡಿದನು. ವರ್ಷಗಳು ಸಂದ ಮೇಲೆ, ಸೆರೆಯಲ್ಲಿದ್ದ ಪೌಲನ ಪತ್ರದಲ್ಲಿ ಮಾರ್ಕನನ್ನು ಕರೆದುಕೊಂಡು ಬಾ, ಅವನು ನನಗೆ ಉಪಯುಕ್ತನು ಎಂಬ ಮಾತು ಬರುತ್ತದೆ. ಎರಡನೆಯ ಸುವಾರ್ತೆಗೆ ಪರಂಪರೆಯು ಕೊಟ್ಟಿರುವ ಹೆಸರೂ ಮಾರ್ಕನದೇ. ಬಾರ್ನಬನ ಸೈರಣೆಯಿಲ್ಲದಿದ್ದರೆ ಪೌಲನಿಗೆ ಆ ಸಹಾಯಕನು ಎಲ್ಲಿಂದ ದೊರೆಯುತ್ತಿದ್ದನು?

ನಮ್ಮ ನೆರೆಯ ಮರಾಠಿ ನಾಡಿನ ಒಂದು ನಿದರ್ಶನವನ್ನೂ ಹೇಳಬೇಕು. ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಕ್ರೈಸ್ತಧರ್ಮವನ್ನು ಸ್ವೀಕರಿಸಿದಾಗ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದು ಸಿಡಿಲೆರಗಿದಂತಾಯಿತು. ಕೆಲವು ವರ್ಷ ಅವರು ಬೇರೆಯಾಗಿಯೇ ಇದ್ದರು. ಬಳಿಕ ಗಂಡನ ಬಳಿಗೆ ಬಂದರೂ ಮಡಿಯನ್ನು ಪಾಲಿಸುತ್ತಿದ್ದರು. ತಮ್ಮ ವಿವೇಕದಿಂದಲೇ ಒಂದೊಂದು ಹೆಜ್ಜೆ ಇಟ್ಟು, ಸುಮಾರು ಐದು ವರ್ಷಗಳ ತರುವಾಯ ತಾವಾಗಿಯೇ ಆ ನಂಬುಗೆಗೆ ಬಂದರು. ಅವರ 'ಸ್ಮೃತಿಚಿತ್ರೆ'ಯನ್ನು ಓದಿದವರಿಗೆ ಆ ಕಾಲದ ನೋವೂ ಗೊತ್ತು, ಹಾಸ್ಯವೂ ಗೊತ್ತು. ಅವಸರದಿಂದ ಒಪ್ಪಿಸಿದ್ದರೆ ಅದು ಗಂಡನ ಧರ್ಮವಾಗಿ ಉಳಿಯುತ್ತಿತ್ತು. ತಾವೇ ನಡೆದು ಬಂದುದರಿಂದ ಅವರದೇ ಆಯಿತು.

ಮಾರ್ಗದರ್ಶಕನು ವಯಸ್ಸಿನಲ್ಲಿ ಹಿರಿಯನೇ ಆಗಿರಬೇಕೆಂದಿಲ್ಲ. ಸಿದ್ಧರಾಮರು ಕೆರೆ, ಗುಡಿಗಳನ್ನು ಕಟ್ಟಿ ಕೀರ್ತಿ ಪಡೆದ ಮೇಲೆ ಅಲ್ಲಮಪ್ರಭುಗಳೊಡನೆ ಕಲ್ಯಾಣಕ್ಕೆ ಹೋಗಿ, ತಮಗಿಂತ ಕಿರಿಯರಾದ ಚನ್ನಬಸವಣ್ಣನವರಿಂದ ದೀಕ್ಷೆ ಪಡೆದರೆಂದು ಶೂನ್ಯಸಂಪಾದನೆಯ ಪರಂಪರೆ ಹೇಳುತ್ತದೆ. ಕಿರಿಯರಿಗೆ ತಲೆಬಾಗಿದುದರಿಂದ ಸಿದ್ಧರಾಮರ ಹಿರಿತನ ಕುಂದಲಿಲ್ಲ.

ಇಷ್ಟೆಲ್ಲ ಸೈರಿಸಿದರೆ ನಿಷ್ಠೆಯೇ ಸಡಿಲವಾಗದೇ ಎಂದು ಕೇಳುವವರಿದ್ದಾರೆ. ಆಕ್ಷೇಪಣೆ ಯೋಗ್ಯವಾದುದು. ಏನನ್ನೂ ಹೇಳದೆ "ಅವರವರ ಇಷ್ಟ" ಎಂದು ಕೈತೊಳೆದುಕೊಳ್ಳುವುದು ಸೈರಣೆಯಲ್ಲ, ಆಲಸ್ಯ. ಪೌಲನ ಪತ್ರಗಳು ಬೋಧನೆಯನ್ನು ಬಿಗಿಯಾಗಿ ಹಿಡಿದುಕೊಳ್ಳೆಂದೂ ಹೇಳುತ್ತವೆ, ಎದುರು ನುಡಿಯುವವರನ್ನು ಸಾಧುತ್ವದಿಂದ ತಿದ್ದೆಂದೂ ಹೇಳುತ್ತವೆ. ಹಿಡಿತವು ಬೋಧನೆಯ ಮೇಲಿರಬೇಕು, ಕಿರಿಯನ ಕುತ್ತಿಗೆಯ ಮೇಲಲ್ಲ. ಹಿರಿಯನು ತಾನು ನಂಬಿದ್ದನ್ನು ಓದಿ ತಿಳಿದಿರಬೇಕು, ಕೇಳಿದ ಪ್ರಶ್ನೆಗೆ ನೇರವಾಗಿ ಉತ್ತರಿಸಬೇಕು, ಉತ್ತರ ಸಿಗದಾಗ ಹುಡುಗನೊಡನೆ ಕುಳಿತು ಹುಡುಕಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೇಳಿದಂತೆ ನಡೆಯಬೇಕು. ಪ್ರಾರ್ಥನೆಯಲ್ಲಿ ಕ್ಷಮೆಯ ಮಾತಾಡಿ ಹೊಲದ ಬದುವಿಗಾಗಿ ತಮ್ಮನೊಡನೆ ಕೋರ್ಟು ಹತ್ತಿದವನ ಬೋಧನೆಯನ್ನು ಮಕ್ಕಳು ಕಿವಿಯಿಂದ ಕೇಳುವುದಿಲ್ಲ, ಕಣ್ಣಿನಿಂದ ಓದುತ್ತಾರೆ.

ಎಲ್ಲವನ್ನೂ ಮಾಡಿದ ಮೇಲೂ ಮಗನು ಬೇರೆ ದಾರಿ ಹಿಡಿಯಬಹುದು. ಯೇಸುವು ಹೇಳಿದ ದುಂದುಗಾರ ಮಗನ ಸಾಮ್ಯದಲ್ಲಿ ತಂದೆಯು ಹೋಗುವ ಮಗನನ್ನು ಕಟ್ಟಿಹಾಕಲಿಲ್ಲ. ಅವನು ಇನ್ನೂ ದೂರದಲ್ಲಿರುವಾಗಲೇ ಕಂಡು ಎದುರಿಗೆ ಓಡಿದನು. ಆ ಕಥೆಯಲ್ಲಿ ಹಿರಿಯ ಮಗನೂ ಇದ್ದಾನೆ. ಅವನು ಎಂದೂ ಮನೆ ಬಿಟ್ಟವನಲ್ಲ, ತಂದೆಯ ಮಾತು ಮೀರಿದವನಲ್ಲ. ಆದರೂ ತಮ್ಮನು ಬಂದ ದಿನ ಒಳಗೆ ಬರಲೊಲ್ಲದೆ ಹೊರಗೆ ನಿಂತನು. ಅವನನ್ನು ಕರೆಯಲೂ ತಂದೆಯೇ ಹೊರಗೆ ಬರಬೇಕಾಯಿತು. ಹಿರಿಯರಾದ ನಾವು ಈ ಮಗನನ್ನು ಮರೆಯಬಾರದು. ನಿಯಮವನ್ನೆಲ್ಲ ಪಾಲಿಸಿಯೂ ಪ್ರೀತಿಯ ಮನೆಯ ಹೊರಗೆ ಉಳಿಯುವ ಅಪಾಯ ನಿಷ್ಠಾವಂತರಿಗೇ ಹೆಚ್ಚು.

ಈ ಮೇಳಕ್ಕೆ ಬರುವ ತರುಣರಲ್ಲಿ ಒಬ್ಬರನ್ನಾದರೂ ಪ್ರತಿಯೊಬ್ಬ ಹಿರಿಯರು ಬಳಿಗೆ ಕರೆದು ಕುಳ್ಳಿರಿಸಿಕೊಂಡು, ಮೊದಲು ಅವರ ಮಾತನ್ನು ಕೇಳಲಿ. ಆ ಮೇಲೆ ತಮ್ಮದನ್ನು ಹೇಳಲಿ. ಇದೇ ನಮ್ಮ ವಿನಂತಿ.