ದಾಳದ ಪಾಲು

ಇಬ್ಬರು ಎದುರುಬದುರು ಕೂತು ಆಡುವ ಡೈನೋಸಾರ್ ಆಟಗಳಿವೆ. ಒಬ್ಬನದು ಟೈರನೋಸಾರಸ್, ಇನ್ನೊಬ್ಬನದು ಟ್ರೈಸೆರಾಟಾಪ್ಸ್, ಕಾದಾಟ ದಾಳದ್ದು. ಯಾವಾಗ ಮೇಲೇರಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದು ಆಟಗಾರನ ಕೈಯಲ್ಲಿದೆ. ಆರು ಬೀಳುವುದು ಮಾತ್ರ ಅವನ ಕೈಯಲ್ಲಿಲ್ಲ. ಐದು ಸಲ ಬೀಳದಿದ್ದರೂ ಮುಂದಿನ ಸಲದ ಸಾಧ್ಯತೆ ಆರರಲ್ಲಿ ಒಂದೇ. ಹಾಗಾದರೆ ಗೆದ್ದವನು ‘ನಾನು ಗೆದ್ದೆ’ ಎನ್ನಬಹುದೇ?

ಪೂರ್ತಿಯಾಗಿ ಎನ್ನಲಾಗದು ಎಂದು ನನಗನ್ನಿಸುತ್ತದೆ. ಡೈನೋಸಾರುಗಳನ್ನೇ ನೋಡಿ. ಕಾಲಕ್ಕೆ ಹೊಂದದವರನ್ನು ಹೀಯಾಳಿಸಲು ಅವುಗಳ ಹೆಸರು ಬಳಸುತ್ತೇವೆ. ಅವು ಬಾಳಿದ್ದು ಸುಮಾರು 16 ಕೋಟಿ ವರ್ಷ! 6.6 ಕೋಟಿ ವರ್ಷಗಳ ಹಿಂದೆ ಬಂದಪ್ಪಳಿಸಿದ ಕ್ಷುದ್ರಗ್ರಹದೆದುರು ಹಲ್ಲು, ಕೊಂಬುಗಳ ಬಲ ನಡೆಯಲಿಲ್ಲ. ಅದೇ ಕಾಲದ ಆಸುಪಾಸಿನಲ್ಲಿ ದಖನ್ನಿನ ಮೇಲೆ ಲಾವಾ ಹರಿಯಿತು. ಆ ಕಲ್ಲು ಸವೆದು ಆದದ್ದೇ ಡಾಬಕಾ ಇರುವ ಔರಾದ ಸೀಮೆಯ ಕರಿಮಣ್ಣು.

ಅಲ್ಲಿ ತೊಗರಿ, ಉದ್ದು ಬಿತ್ತುವ ರೈತನೂ ಪ್ರತಿ ಮುಂಗಾರಿಗೆ ದಾಳ ಹಾಕುತ್ತಾನೆ. ಯಾವ ಬೀಜ, ಯಾವ ದಿನ ಎಂಬುದು ಅವನ ಜಾಣತನ, ಮಳೆ ಅವನದಲ್ಲ. ಬೆಳೆ ಕೈಕೊಟ್ಟರೆ ‘ಅವನಿಗೆ ಒಕ್ಕಲುತನ ಬರೋದಿಲ್ಲ’ ಎಂದುಬಿಡುತ್ತೇವೆ. ಆಟದಲ್ಲಿ ಸೋತವನಿಗೆ ಈ ಅವಮಾನವಿಲ್ಲ, ದಾಳ ಉರುಳಿದ್ದನ್ನು ಇಬ್ಬರೂ ಕಂಡಿರುತ್ತಾರೆ. ಬದುಕಿನಲ್ಲಿ ಗೆದ್ದವರ ಕಣ್ಣಿಗೆ ದಾಳ ಬೀಳುವುದೇ ಇಲ್ಲ.

ಎಲ್ಲವೂ ಅದೃಷ್ಟವೆಂದರೆ ದುಡಿಮೆಗೆ ಅರ್ಥವಿರದು. ಆಡಿದ ರೀತಿಗೆ ನಾವೇ ಹೊಣೆ. ಧರ್ಮರಾಯ ಸೋತದ್ದನ್ನು ಕ್ಷಮಿಸಬಹುದು, ದ್ರೌಪದಿಯನ್ನು ಪಣಕ್ಕಿಟ್ಟದ್ದನ್ನು ಹೇಗೆ ಕ್ಷಮಿಸುವುದು? ಗೆದ್ದವನನ್ನೂ ಹೀಗೇ ಅಳೆಯಬೇಕು: ಸೋತವನ ಜೊತೆ ಹೇಗೆ ನಡೆದುಕೊಂಡ? ನಮ್ಮ ಗೆಲುವಿನಲ್ಲಿ ದಾಳದ ಪಾಲೆಷ್ಟೋ, ಅಷ್ಟಾದರೂ ನಾವು ಸೋತವರಿಗೆ ಋಣಿಗಳು.