ಮನೆಗೂ ಒಂದು ಅಂಕಪಟ್ಟಿ

ಇಪ್ಪತ್ತೆಂಟು ವರ್ಷದಿಂದ ಅಂಕ ಹಾಕುವುದೇ ನನ್ನ ಕಸುಬು. ಪಾಠ ಹೇಳುವುದು ಎಂದು ನಾನೇನೋ ಹೇಳಿಕೊಳ್ಳುತ್ತೇನೆ. ಆದರೆ ವರ್ಷದ ಕೊನೆಯಲ್ಲಿ ತಂದೆತಾಯಿಗಳು ಬಂದು ಕೇಳುವುದು "ಎಷ್ಟು ಬಂತು ಮಿಸ್?" ಎಂದೇ ಹೊರತು "ಏನು ಕಲಿತಳು?" ಎಂದಲ್ಲ. ಈ ಅಂಕಗಳ ಕಾಟ ಶಾಲೆಯ ಗೇಟಿನವರೆಗೆ ಮಾತ್ರ, ಮನೆಗೆ ಬಂದರೆ ಬಿಡುಗಡೆ ಎಂದುಕೊಂಡಿದ್ದೆ. ಈಗ ನೋಡಿದರೆ ಮನೆಗೇ ಅಂಕ ಹಾಕುವ ಕಾಲ ಬಂದಿದೆ.

ಈ ಸುದ್ದಿ ತಂದವನು ನನ್ನ ತಮ್ಮನ ಮಗ. ಸಿವಿಲ್ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಕಟ್ಟಡ ಕಟ್ಟುವ ಕೆಲಸವಲ್ಲ, ಕಟ್ಟಡಗಳಿಗೆ 'ಹಸಿರು' ಎಂಬ ಅಂಕ ಕೊಡಿಸುವ ಕೆಲಸ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ನಂಜನಗೂಡಿನ ನಮ್ಮ ಮನೆಗೆ ಬಂದ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ತಿರುಗಿಸಿ ಹಾಕುತ್ತಿತ್ತು. ತಾರಸಿಗೆ ಬರಿಗಾಲಲ್ಲಿ ಹತ್ತುವಂತಿಲ್ಲ. "ಅತ್ತೆ, ನಿಮ್ಮ ಮನೆಗೆ ಒಂದು ನಕ್ಷತ್ರವೂ ಬರುವುದಿಲ್ಲ" ಎಂದು ನಕ್ಕ. ಬ್ಯಾಂಕಿನ ಸಾಲ ತೆಗೆದು, ಒಡವೆ ಇಟ್ಟು 2006ರಲ್ಲಿ ಕಟ್ಟಿಸಿದ ಮನೆ. ನನಗೆ ಸ್ವಲ್ಪ ನೋವಾಯಿತು. ನಾನು ಫೇಲು ಮಾಡಿದ ಮಕ್ಕಳಿಗೆ ಹೀಗೇ ಆಗಿದ್ದಿರಬೇಕು.

ಫ್ರಿಜ್ಜಿನ ಬಾಗಿಲ ಮೇಲೆ ಅಂಟಿಸಿರುವ ನಕ್ಷತ್ರಗಳು ನಮಗೆಲ್ಲ ಗೊತ್ತು. ಅವು ಬಂದದ್ದು 2006ರಲ್ಲಿ. ಹೆಚ್ಚು ನಕ್ಷತ್ರ ಇದ್ದರೆ ಕರೆಂಟು ಕಡಿಮೆ ತಿನ್ನುತ್ತದೆ ಎಂದು ಲೆಕ್ಕ. ಅದೇ ರೀತಿ ಕಟ್ಟಡಗಳಿಗೂ ಇದೆಯಂತೆ. ಇಂಗ್ಲೆಂಡಿನಲ್ಲಿ 1990ರಲ್ಲೇ ಇಂಥದೊಂದು ಪದ್ಧತಿ ಆರಂಭವಾಯಿತು. ಆ ದಶಕ ಮುಗಿಯುವಷ್ಟರಲ್ಲಿ ಅಮೆರಿಕದವರು 'ಲೀಡ್' ಎಂಬುದನ್ನು ತಂದರು. ನಮ್ಮಲ್ಲಿ 2001ರಲ್ಲಿ ಭಾರತೀಯ ಹಸಿರು ಕಟ್ಟಡ ಮಂಡಳಿ ಹುಟ್ಟಿತು. 2003ರಲ್ಲಿ ಹೈದರಾಬಾದಿನ ಒಂದು ಕಟ್ಟಡ ಆ ಅಮೆರಿಕದ ಪರೀಕ್ಷೆಯಲ್ಲೇ ಎಲ್ಲಕ್ಕಿಂತ ಮೇಲಿನ ದರ್ಜೆಯಾದ ಪ್ಲಾಟಿನಂ ಪಡೆಯಿತು; ಮರುವರ್ಷ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ಉದ್ಘಾಟಿಸಿದರು. 2007ರಲ್ಲಿ ನಮ್ಮ ದೇಶದ್ದೇ ಆದ ಪದ್ಧತಿ ಬಂತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಗೃಹ' ಎಂದಾಗುತ್ತದೆ. ಸಣ್ಣ ಮನೆಗಳಿಗೆಂದೇ ಮಾಡಿದ ಅದರ ತಂಗಿಯ ಹೆಸರು 'ಸ್ವಗೃಹ'. ಹದಿನಾಲ್ಕು ವಿಷಯ, ಐವತ್ತು ಅಂಕ. ಹೆಸರು ಕೇಳಿಯೇ ನನಗೆ ಅರ್ಧ ಕೋಪ ಇಳಿಯಿತು.

ಪ್ರಶ್ನೆಪತ್ರಿಕೆ ನೋಡಿದರೆ ಪ್ರಶ್ನೆಗಳೂ ಒಳ್ಳೆಯವೇ. ನಿವೇಶನದ ಮರ ಉಳಿಸಿದಿರಾ? ಅಂಗಳಕ್ಕೆಲ್ಲ ಸಿಮೆಂಟು ಬಳಿದು ನೀರು ಇಂಗದಂತೆ ಮಾಡಿದಿರಾ? ಕಿಟಕಿ ಯಾವ ದಿಕ್ಕಿಗಿದೆ, ಅದಕ್ಕೆ ನೆರಳುಂಟೆ? ಮಳೆನೀರು ಎಲ್ಲಿಗೆ ಹೋಗುತ್ತದೆ? ಗೋಡೆಗೆ, ಸೂರಿಗೆ ಬಳಸಿದ ಸಾಮಾನು ತಯಾರಾಗಲು ಎಷ್ಟು ಉರಿ ಬೇಕಾಯಿತು? ಸಿಮೆಂಟಿನ ಗೂಡು ಸುಮಾರು 1450 ಡಿಗ್ರಿಯವರೆಗೆ ಕಾಯಬೇಕಂತೆ. ಮನೆ ಕಟ್ಟುವಾಗ ಇದೆಲ್ಲ ನನಗೆ ತೋಚಿರಲಿಲ್ಲ. ವಯಸ್ಸಾದ ಮೇಸ್ತ್ರಿಯೊಬ್ಬರು ಮಾತ್ರ "ಪಡುವಲ ಕಿಟಕಿಗೆ ಉದ್ದ ಸಜ್ಜಾ ಬಿಡಿಸಿ ತಾಯಿ, ಆ ಹೊಂಗೆ ಮರ ಹಂಗೇ ಇರಲಿ" ಎಂದಿದ್ದರು. ಎಲೆ ಉದುರುತ್ತದೆ, ಯಾರು ಗುಡಿಸುತ್ತಾರೆ ಎಂದು ನಾನೇ ಮರ ಕಡಿಸಿದೆ. ಎದುರು ಮನೆಯವರಂತೆ ನಮಗೂ ದೊಡ್ಡ ಗಾಜಿನ ಕಿಟಕಿ ಬೇಕೆಂದು ಹಟ ಹಿಡಿದವಳೂ ನಾನೇ. ಪ್ರತಿ ಬೇಸಿಗೆಯ ಸಂಜೆ ಆ ಕಿಟಕಿ ನನಗೆ ಬುದ್ಧಿ ಹೇಳುತ್ತದೆ.

ಹುಡುಗ ಬಂದಿದ್ದು ನನ್ನ ಮನೆಗೆ ಅಂಕ ಹಾಕಲು ಅಲ್ಲ. ಟಿ. ನರಸೀಪುರದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ನಮ್ಮ ತವರಿನ ತೊಟ್ಟಿ ಮನೆ ಇದೆ. ದಪ್ಪ ಮಣ್ಣಿನ ಗೋಡೆ, ನಾಡಹೆಂಚು, ನಡುವೆ ಆಕಾಶ ಕಾಣುವ ತೊಟ್ಟಿ. ಎಂಬತ್ತನಾಲ್ಕು ವರ್ಷದ ಅಮ್ಮ ಅಲ್ಲಿದ್ದಾಳೆ. ತಮ್ಮ ಅದನ್ನು ಕೆಡವಿ ಮೂರಂತಸ್ತು ಕಟ್ಟಿಸಬೇಕೆಂದಿದ್ದ. ಅಮ್ಮ "ನಾನಿರೋವರೆಗೂ ಮುಟ್ಟಬೇಡ" ಎಂದು ಕೂತಿದ್ದಳು. ಮೊಮ್ಮಗನಿಗೆ ಒಂದು ಉಪಾಯ ಹೊಳೆದಿತ್ತು. ಹಳೆಯ ಮನೆಗೆ ನಾವೇ ಅಂಕ ಹಾಕೋಣ, ಐದು ನಕ್ಷತ್ರ ಬಂದರೆ ಅಪ್ಪನ ಬಾಯಿ ಕಟ್ಟುತ್ತದೆ ಎಂದು. ನಾನು ಸಂತೋಷದಿಂದ ಒಪ್ಪಿದೆ. ನಾನು ಹುಟ್ಟಿದ ಮನೆ ಅದು. ವರ್ಷಕ್ಕೆ ನಾಲ್ಕು ಸಲ ಹೋಗಿ ಜಗಲಿಯ ಮೇಲೆ ಕೂತು "ಎಷ್ಟು ತಂಪು!" ಎಂದು ಹೇಳಿ ಬರುವವಳು ನಾನು.

ಮುಂದಿನ ಭಾನುವಾರ ಪಡಸಾಲೆಯಲ್ಲಿ ಎಲ್ಲರೂ ಕೂತೆವು. ಹುಡುಗ ಕಾಗದ ಪೆನ್ನು ಹಿಡಿದ. ಗೋಡೆಗೆ ಸುಡದ ಮಣ್ಣು, ಊರಿನದೇ. ಅಂಕ ಹಾಕು. ಹಗಲಲ್ಲಿ ದೀಪ ಬೇಡ, ತೊಟ್ಟಿಯ ಬೆಳಕು ಸಾಕು. ಹಾಕು. ಬಿಸಿಗಾಳಿ ಮೇಲೆ ಹೋಗಿ ಜಗಲಿಯಿಂದ ತಂಗಾಳಿ ಒಳಕ್ಕೆ ಬರುತ್ತದೆ. ಹಾಕು. ಬೆಂಗಳೂರಿನ ದೊಮ್ಮಲೂರಿನಲ್ಲಿ ಟೆರಿ ಸಂಸ್ಥೆಯ ಕಟ್ಟಡ ಇದೆಯಂತೆ. ಪಕ್ಕದಲ್ಲೇ ಗಬ್ಬು ನಾರುವ ಮೋರಿ. ವಾಸ್ತುಶಿಲ್ಪಿ ಸಂಜಯ್ ಮೋಹೆ ಅವರು ಮೋರಿಯ ಕಡೆಗೆ, ಅಂದರೆ ದಕ್ಷಿಣಕ್ಕೆ, ಕಡಪ ಕಲ್ಲಿನ ಕಪ್ಪು ಗೋಡೆ ಎಬ್ಬಿಸಿದರು. ಬಿಸಿಲಿಗೆ ಆ ಗೋಡೆ ಕಾದು ಗಾಳಿಯನ್ನು ಮೇಲಕ್ಕೆಳೆಯುತ್ತದೆ. ಉತ್ತರದಿಂದ ಒಳ್ಳೆಯ ಗಾಳಿ ಒಳಗೆ ನುಗ್ಗುತ್ತದೆ. "ಅಲ್ಲಿ ಅಷ್ಟು ಲೆಕ್ಕ ಹಾಕಿ ಮಾಡಿದ್ದನ್ನು ಇಲ್ಲಿ ಮುತ್ತಜ್ಜ ಲೆಕ್ಕವಿಲ್ಲದೆ ಮಾಡಿದ್ದಾರೆ" ಎಂದು ಹುಡುಗ ಹಿಗ್ಗಿದ. ನಾನೂ ಹಿಗ್ಗಿದೆ. ಅಂಕ ನಲವತ್ತು ದಾಟಿತು.

ಅಮ್ಮ ಅಷ್ಟು ಹೊತ್ತೂ ಸುಮ್ಮನೆ ಅವರೆಕಾಳು ಆರಿಸುತ್ತ ಕೂತಿದ್ದಳು. ಆಮೇಲೆ ಕೇಳಿದಳು: "ಅಲ್ಲ ಕಣೋ, ಇಷ್ಟೆಲ್ಲಾ ನಂಬರ್ ಕೊಟ್ಟೆಯಲ್ಲ, ಯಾರಿಗೆ ಕೊಟ್ಟೆ?"

"ಮನೆಗೆ, ಅಜ್ಜಿ."

"ವರ್ಷ ವರ್ಷ ಮಳೆಗೆ ಮುಂಚೆ ಹೆಂಚು ಕೈಯಾಡಿಸೋವಾಗ ಕೆಳಗೆ ನಿಂತು ಬುಟ್ಟಿ ಎತ್ತಿಕೊಟ್ಟೋಳು ನಾನು. ಈ ನೆಲ ತಣ್ಣಗಿರೋದು ದಿನಾ ಸಾರಿಸಿದ್ದರಿಂದ. ಹೊಳೆಯಿಂದ ನೀರು ಹೊತ್ತೆ, ಒಲೆ ಊದಿ ಊದಿ ಕಣ್ಣು ಹಾಳಾಯ್ತು. ನಿಮ್ಮಜ್ಜ ತೊಟ್ಟಿಯ ಪಕ್ಕ ಗಾಳಿಗೆ ಮಲಗೋರು. ನಾನು ಹೊಗೆ ತುಂಬಿದ ಅಡುಗೆಮನೆಯಲ್ಲಿ. ಈ ಮನೆ ಕರೆಂಟು ತಿನ್ನಲಿಲ್ಲ ಕಣಪ್ಪಾ, ನಮ್ಮನ್ನ ತಿಂತು."

ಯಾರೂ ಮಾತಾಡಲಿಲ್ಲ. ನನಗೆ ನಾಚಿಕೆಯಾಯಿತು. ಕರೆಂಟಿಗೆ ಮೀಟರ್ ಇದೆ, ನೀರಿಗೂ ಮೀಟರ್ ಬಂದಿದೆ. ಅಮ್ಮನ ರಟ್ಟೆಗೆ ಮಾತ್ರ ಮೀಟರ್ ಇರಲಿಲ್ಲ. ನಾವು ಹಳೆಯ ಮನೆಗಳನ್ನು ಹೊಗಳುವಾಗ, ಹಿಂದಿನವರು ಪ್ರಕೃತಿಗೆ ಹತ್ತಿರವಾಗಿದ್ದರು ಎಂದು ಭಾಷಣ ಮಾಡುವಾಗ, ಆ ಹತ್ತಿರದ ಬೆಲೆ ತೆತ್ತವರು ಯಾರು ಎಂದು ಕೇಳಿಕೊಳ್ಳುವುದಿಲ್ಲ. ಹೊಂಗೆ ಎಲೆ ಗುಡಿಸಲು ಬೇಸರಪಟ್ಟ ನಾನು, ಐವತ್ತು ವರ್ಷ ಸಗಣಿ ಸಾರಿಸಿದವಳ ಎದುರು ಕೂತು ಮಣ್ಣಿನ ನೆಲಕ್ಕೆ ಅಂಕ ಹಾಕುತ್ತಿದ್ದೆ.

ಹಾಗಾದರೆ ಈ ಅಂಕಗಳೇ ಸುಳ್ಳೆ? ಹಾಗೆಂದು ಹೇಳಿ ಎದ್ದುಬಿಡುವುದು ಸುಲಭ. ಅಂಕದ ದೋಷಗಳು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಯಿಪಾಠ ಮಾಡಿ ತೊಂಬತ್ತು ತೆಗೆದು ಮರುದಿನ ಎಲ್ಲವನ್ನೂ ಮರೆಯುವ ಮಕ್ಕಳಿದ್ದಾರೆ. ಕಟ್ಟಡಗಳಲ್ಲೂ ಅಂಥವು ಇರುತ್ತವೆ. ನಕ್ಷೆಯಲ್ಲಿ ಎಲ್ಲವೂ ಸರಿಯಾಗಿದ್ದು, ಗೋಡೆಗೆ ಫಲಕ ಹೊಡೆದ ಮೇಲೆ ಹಗಲೂ ರಾತ್ರಿ ದೀಪ ಉರಿಸುವಂಥವು. ಅದಕ್ಕೇ ಇರಬೇಕು, ಇಂಧನ ದಕ್ಷತಾ ಬ್ಯೂರೋದವರು 2009ರಲ್ಲಿ ಕಚೇರಿ ಕಟ್ಟಡಗಳಿಗೆ ನಕ್ಷತ್ರ ಕೊಡಲು ಹೊರಟಾಗ ನಕ್ಷೆಯನ್ನು ನಂಬದೆ ವರ್ಷವಿಡೀ ನಿಜವಾಗಿ ಉರಿದ ಕರೆಂಟಿನ ಲೆಕ್ಕವನ್ನೇ ಕೇಳಿದರು. ಚದರ ಮೀಟರಿಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂದು. ಅದು ಪರೀಕ್ಷೆಗಿಂತ ನಡತೆಗೆ ಕೊಡುವ ಅಂಕ.

ಇನ್ನೊಂದು ತೊಡಕಿದೆ. ದೊಡ್ಡ ಕಟ್ಟಡಗಳಿಗೆ ಅಂಕ ಕೊಡುವಾಗ, ಅಂಥದೇ ಸಾಮಾನ್ಯ ಕಟ್ಟಡವೊಂದು ಎಷ್ಟು ಖರ್ಚು ಮಾಡುತ್ತಿತ್ತು, ಇದು ಅದಕ್ಕಿಂತ ಎಷ್ಟು ಉಳಿಸಿತು ಎಂದು ಹೋಲಿಸುತ್ತಾರೆ. ಗಾಜಿನ ಗೋಡೆ ಕಟ್ಟಿ, ಎಸಿ ಹಾಕಿ, ಅದರಲ್ಲಿ ಮೂರರಲ್ಲೊಂದು ಪಾಲು ಉಳಿಸಿದರೆ ಮೆಚ್ಚುಗೆ. ಎಸಿಯೇ ಇಲ್ಲದ ಮನೆ ಉಳಿಸಿದ್ದು ಏನು? ಲೆಕ್ಕದ ಪ್ರಕಾರ ಸೊನ್ನೆ. ತುಂಬ ತಿನ್ನುವವನು ಒಂದು ಹೊತ್ತು ಬಿಟ್ಟರೆ ಉಪವಾಸ ಎನ್ನುತ್ತೇವೆ. ಒಂದೇ ಹೊತ್ತು ಉಣ್ಣುವವಳ ಉಪವಾಸ ಯಾರ ಗಮನಕ್ಕೂ ಬರುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗಲೂ ಈ ಪ್ರಶ್ನೆ ಎದ್ದಿತ್ತು. ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ ಉಚಿತ ಎಂದರು. ನೂರೈವತ್ತು ಯೂನಿಟ್ ಉರಿಸುತ್ತಿದ್ದ ಮನೆಗೆ ಹದಿನೈದು ಹೆಚ್ಚಿಗೆ, ಮೂವತ್ತು ಉರಿಸುತ್ತಿದ್ದ ಮನೆಗೆ ಮೂರೇ ಮೂರು. 2024ರ ಜನವರಿಯಲ್ಲಿ, 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇಕಡಾ ಲೆಕ್ಕ ಬಿಟ್ಟು ಹತ್ತು ಯೂನಿಟ್ ಸೇರಿಸಲು ಸರ್ಕಾರ ತೀರ್ಮಾನಿಸಿತು. ಲೆಕ್ಕವನ್ನು ತಿದ್ದಲು ಬರುತ್ತದೆ ಎಂಬುದಕ್ಕೆ ಇದೂ ಒಂದು ಉದಾಹರಣೆ. ಆದರೆ ತಿದ್ದಬೇಕಾದರೆ ಮೊದಲು ಲೆಕ್ಕ ಇರಬೇಕು. ಪರೀಕ್ಷೆಯೇ ಇಲ್ಲದ ವರ್ಷ ಮಕ್ಕಳು ಎಷ್ಟು ಓದಿದರೆಂದು ನಾವು ಮೇಷ್ಟರುಗಳು ಬಲ್ಲೆವು.

ಆ ದಿನಕ್ಕೇ ಮರಳುತ್ತೇನೆ. ತಮ್ಮನಿಗೆ ಗೆದ್ದ ಹುರುಪು. "ನೋಡಿದೆಯಾ ಅಕ್ಕ, ಅಮ್ಮನೇ ಹೇಳಿದಳು. ಕೆಡವೋದೇ ಸರಿ" ಎಂದ. ಆಗ ಅಮ್ಮ ಹೇಳಿದ್ದು ನಾನು ಎಣಿಸಿರದ ಮಾತು. "ಮನೆ ಚೆನ್ನಾಗಿದೆ ಅಂತ ನಾನು ಬೇಡ ಅನ್ನಲಿಲ್ಲ. ಕೆಳಗೆ ಅಂಗಡಿ, ಮಧ್ಯೆ ಬಾಡಿಗೆ, ಮೇಲೆ ನಾವು ಅಂತ ನೀನು ಅಂದೆ. ಈ ಕಾಲಿಟ್ಟುಕೊಂಡು ನಾನು ಮೂರನೇ ಮಹಡಿ ಹತ್ತಿ ಆಮೇಲೆ ಇಳಿಯೋದು ಯಾವಾಗ? ನಾಲ್ಕು ಜನ ಹೊತ್ತು ಇಳಿಸುವಾಗಲೇ." ಆರು ವರ್ಷದ ಕೆಳಗೆ ಇದೇ ಮನೆಯ ಎತ್ತರದ ಹೊಸ್ತಿಲು ಎಡವಿ ಅಮ್ಮನ ಸೊಂಟದ ಮೂಳೆ ಮುರಿದಿತ್ತು. ರಾತ್ರಿ ಹಿತ್ತಿಲಿಗೆ ಹೋಗಬೇಕಾದರೆ ಈಗಲೂ ಎರಡು ಹೊಸ್ತಿಲು ದಾಟಬೇಕು. ತಮ್ಮ ಹೊಸ ಮನೆ ಎಂದ, ನಾನು ಹಳೆ ಮನೆ ಎಂದೆ. ಅಮ್ಮನಿಗೆ ಎಂಥ ಮನೆ ಬೇಕೆಂದು ಇಬ್ಬರೂ ಕೇಳಿರಲಿಲ್ಲ.

ಹುಡುಗ ತಲೆ ತಗ್ಗಿಸಿ ಕಾಗದಗಳನ್ನು ತಿರುವುತ್ತಿದ್ದ. "ಅತ್ತೆ, ದೊಡ್ಡ ಕಟ್ಟಡಗಳ ಗೃಹ ಪಟ್ಟಿಯಲ್ಲಿ ಇದಕ್ಕೂ ಒಂದು ಪ್ರಶ್ನೆ ಇದೆ. ವಯಸ್ಸಾದವರು, ಅಂಗವಿಕಲರು ಸುಲಭವಾಗಿ ಓಡಾಡುವ ಹಾಗಿದೆಯೇ ಅಂತ. ಸಣ್ಣ ಪಟ್ಟಿ ಹಿಡಿದು ಕೂತಿದ್ದರಿಂದ ನನಗೆ ನೆನಪಾಗಲಿಲ್ಲ" ಎಂದ. ಅದೇ ಪಟ್ಟಿಯಲ್ಲಿ ಕಟ್ಟಡ ಕೆಲಸದವರಿಗೆ ನೀರು, ಶೌಚಾಲಯ, ಸುರಕ್ಷತೆ ಇದೆಯೇ ಎಂಬ ಪ್ರಶ್ನೆಯೂ ಇದೆ. ನನ್ನ ಮನೆಗೆ ತಾರಸಿ ಹಾಕಿದ ದಿನ ನೆನಪಾಯಿತು. ಜಲ್ಲಿ ಕಲಸಿದ್ದನ್ನು ತಲೆಯ ಮೇಲೆ ಹೊತ್ತ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಏಣಿ ಹತ್ತಿದ್ದರು. ಎಲ್ಲರಿಗೂ ಚಿತ್ರಾನ್ನ, ಸಿಹಿ ಹಂಚಿದೆ. ಅವರು ಬಚ್ಚಲಿಗೆ ಎಲ್ಲಿಗೆ ಹೋಗುತ್ತಾರೆ ಎಂದು ನಾನು ಕೇಳಲಿಲ್ಲ.

ಅಂದಿನಿಂದ ನನಗೆ ಅನ್ನಿಸಿರುವುದು ಇಷ್ಟು. ಅಂಕಪಟ್ಟಿಯಲ್ಲಿ ಬೆಲೆಯುಳ್ಳದ್ದು ಕೊನೆಯ ಮೊತ್ತವಲ್ಲ, ಪ್ರಶ್ನೆಗಳು. ಗೃಹದ 2015ರ ಪಟ್ಟಿಯಲ್ಲಿ ನೂರಕ್ಕೆ 25 ಬಂದರೆ ಒಂದು ನಕ್ಷತ್ರ, 86 ಬಂದರೆ ಐದು. ಎಸ್ಸೆಸ್ಸೆಲ್ಸಿಯಲ್ಲಿ ಪಾಸಿಗೆ 35 ಎಂದು ಎಷ್ಟೋ ವರ್ಷ ಹಾಕಿದ ನಾನು ಆ ಗೆರೆಗಳ ಬಗ್ಗೆ ಜಗಳಾಡುವುದಿಲ್ಲ. ಗೆರೆಯನ್ನು ಎಲ್ಲಿ ಎಳೆದರೂ ಒಬ್ಬರು ಆಚೆ ಉಳಿಯುತ್ತಾರೆ. ಮೊತ್ತ ನೋಡಿದವರು ಹಿಗ್ಗುತ್ತಾರೆ, ಇಲ್ಲವೇ ಕುಗ್ಗುತ್ತಾರೆ. ಪ್ರಶ್ನೆಯನ್ನು ಓದಿದವರು ಮಾತ್ರ ಎದ್ದುಹೋಗಿ ತಮ್ಮ ಕಿಟಕಿ, ತಮ್ಮ ಹೊಸ್ತಿಲು ನೋಡುತ್ತಾರೆ. ಪಟ್ಟಿಯಲ್ಲಿ ಇಲ್ಲದ ಪ್ರಶ್ನೆಯನ್ನು ಸೇರಿಸುವ ಹಕ್ಕೂ ನಮಗಿದೆ. ಈ ಮನೆ ನಡೆಯಬೇಕಾದರೆ ದಿನಕ್ಕೆ ಎಷ್ಟು ದುಡಿಮೆ ಬೇಕು, ಅದನ್ನು ಮಾಡುವವರು ಯಾರು? ಈ ಒಂದು ಪ್ರಶ್ನೆ ನನ್ನದು. ಓದುವ ನೀವೂ ನಿಮ್ಮ ಮನೆಗೆ ಒಮ್ಮೆ ಹಾಕಿ ನೋಡಿ.

ಟಿ. ನರಸೀಪುರದ ಮನೆಯ ನಕ್ಷೆ ಈಗ ಬದಲಾಗಿದೆ. ಮೂರಂತಸ್ತು ಎರಡಾಯಿತು. ಕೆಳಗೆ ಒಂದೇ ಅಂಗಡಿ. ಅದರ ಹಿಂದೆ ಅಮ್ಮನ ಕೋಣೆ, ಹೊಸ್ತಿಲಿಲ್ಲದ ಬಾಗಿಲು, ಒಳಗೇ ಬಚ್ಚಲು. ಸಣ್ಣದಾದರೂ ಒಂದು ತೊಟ್ಟಿ ಉಳಿಯುತ್ತದೆ. ಗೋಡೆಗೆ, ಕೆಡವಿದ ಮಣ್ಣಿಗೆ ಶೇಕಡಾ ಆರರಿಂದ ಎಂಟರಷ್ಟು ಸಿಮೆಂಟು ಬೆರೆಸಿ ಒತ್ತಿ ಮಾಡಿದ ಸುಡದ ಇಟ್ಟಿಗೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ'ದವರು ಬೆಳೆಸಿದ ವಿದ್ಯೆ ಅದು. ತಮ್ಮ ಬಾಡಿಗೆ ಹೋಯಿತೆಂದು ಇನ್ನೂ ಗೊಣಗುತ್ತಾನೆ. ಅವನ ಗೊಣಗಾಟವೂ ಅನ್ಯಾಯವಲ್ಲ. ಸಾಲದ ಕಂತು ಕಟ್ಟುವವನು ಅವನು. ನಕ್ಷತ್ರಕ್ಕೆ ಅರ್ಜಿ ಹಾಕುವ ವಿಚಾರವನ್ನು ಯಾರೂ ಎತ್ತಲಿಲ್ಲ.

ಕೆಲಸ ಮುಗಿಯುವವರೆಗೆ ಅಮ್ಮ ನನ್ನ ಜೊತೆ ನಂಜನಗೂಡಿನಲ್ಲಿದ್ದಾಳೆ. ಬಂದ ವಾರವೇ ಪಡುವಲ ಕಿಟಕಿಯ ಮುಂದೆ ಕೂತು, "ಇಲ್ಲಿ ಒಂದು ಮರ ಇತ್ತಲ್ಲೇ?" ಎಂದು ಕೇಳಿದಳು. ನಾನು ಉತ್ತರ ಕೊಡಲಿಲ್ಲ. ಮಳೆ ಶುರುವಾದ ಮೇಲೆ ಒಂದು ಹೊಂಗೆ ಸಸಿ ತಂದು ನೆಟ್ಟಿದ್ದೇನೆ. ಅದು ಕಿಟಕಿಗೆ ನೆರಳು ಕೊಡುವಷ್ಟಾಗಲು ಹತ್ತು ವರ್ಷವಾದರೂ ಬೇಕು. ಎಲೆ ಗುಡಿಸುವ ಕೆಲಸ ನನ್ನದು ಎಂದು ಈಗಲೇ ಒಪ್ಪಿಕೊಂಡಿದ್ದೇನೆ.